ವಿಸ್ತರಣೆಯೋ ಸಂವಾದವೋ: ಒಂದು ಗ್ರಂಥವಿಮರ್ಶೆ

ಬ್ರೆಜಿಲ್ ದೇಶದ ಶಿಕ್ಷಣತಜ್ಞನಾದ ಪೌಲೊ ಫ್ರೇರೆಯು ೧೯೬೪ರ ಸೈನಿಕ ವಿಪ್ಲವದ ತರುವಾಯ ಸ್ವದೇಶವನ್ನು ಬಿಟ್ಟು ಚಿಲಿ ದೇಶದಲ್ಲಿ ಆಶ್ರಯವನ್ನು ಪಡೆದನು. ಅಲ್ಲಿ ಭೂಸುಧಾರಣೆಯ ಕಾರ್ಯದಲ್ಲಿ ತೊಡಗಿದ್ದ ಕೃಷಿತಜ್ಞರನ್ನು ಕುರಿತು ಅವನು ಸ್ಪ್ಯಾನಿಷ್ ಭಾಷೆಯಲ್ಲಿ ರಚಿಸಿದ ಚಿಕ್ಕ ಗ್ರಂಥವು ೧೯೬೯ರಲ್ಲಿ ಪ್ರಕಟವಾಯಿತು. 'ವಿಸ್ತರಣೆಯೋ ಸಂವಹನವೋ' ಎಂಬುದು ಅದರ ಹೆಸರಿನ ಅರ್ಥ. ಸುಸ್ಥಿರ ಅಭಿವೃದ್ಧಿ ಎಂಬ ಮಾತು ಬ್ರುಂಟ್‌ಲಂಡ್ ಆಯೋಗದ ವರದಿಯಿಂದ ಲೋಕಪ್ರಸಿದ್ಧವಾದುದು ೧೯೮೭ರಲ್ಲಿ. ಜನರ ಸಹಭಾಗವಿಲ್ಲದೆ ಅದು ಸಾಧ್ಯವಿಲ್ಲವೆಂದು ಈಗ ಎಲ್ಲರೂ ಹೇಳುವರು. ಆ ಹೇಳಿಕೆಗೆ ಬೇಕಾದ ಯುಕ್ತಿಯು ಅದಕ್ಕಿಂತ ಹದಿನೆಂಟು ವರ್ಷ ಹಿಂದಿನ ಈ ಗ್ರಂಥದಲ್ಲಿ ಆಗಲೇ ಇರುವುದು.

ಗ್ರಂಥಕಾರನು ಶಬ್ದಾರ್ಥದಿಂದಲೇ ವಿಚಾರವನ್ನು ಆರಂಭಿಸುವನು. ವ್ಯಾಕರಣವನ್ನು ಬಲ್ಲವರಿಗೆ ಇದು ವಿಶೇಷ ರುಚಿಕರ. 'ವಿಸ್ತರಿಸು' ಎಂದೊಡನೆ ವಿಸ್ತರಿಸುವವನೊಬ್ಬನು, ವಿಸ್ತರಿಸಲ್ಪಡುವ ವಸ್ತುವೊಂದು, ಅದು ಯಾರ ಕಡೆಗೆ ಚಾಚಲ್ಪಡುವುದೋ ಆ ಇನ್ನೊಬ್ಬನು ಏರ್ಪಡುವರೆಂದು ಅವನು ತೋರಿಸುವನು. ಪಾಣಿನೀಯರ ಪರಿಭಾಷೆಯಲ್ಲಿ ತಜ್ಞನು ಕರ್ತೃ, ಜ್ಞಾನವು ಕರ್ಮ, ರೈತನು ಸಂಪ್ರದಾನ. ಸ್ವಾತಂತ್ರ್ಯವು ಕರ್ತೃವಿನ ಲಕ್ಷಣವೇ ಹೊರತು ದಾನವನ್ನು ಪಡೆಯುವವನದಲ್ಲ. 'ರೈತರಿಗೆ ತಿಳಿವಳಿಕೆ ನೀಡಲಾಯಿತು' ಎಂದು ಕನ್ನಡದ ವರದಿಗಳು ಬರೆಯುವಾಗಲೂ ರೈತನು ಚತುರ್ಥೀ ವಿಭಕ್ತಿಯನ್ನು ದಾಟುವುದಿಲ್ಲ. 'ಫಲಾನುಭವಿ' ಎಂಬ ಕಚೇರಿಯ ಶಬ್ದವಂತೂ ಅವನಿಗೆ ಫಲವನ್ನು ಕೊಟ್ಟು ಕರ್ತೃತ್ವವನ್ನು ಕಸಿದುಕೊಂಡಿದೆ. ಆದರೆ ಅಧಿಕಾರಿಯು ವರ್ಗವಾಗಿ ಹೋದ ಮೇಲೆ ಮಣ್ಣನ್ನೂ ಬೀಜವನ್ನೂ ಕಾಯತಕ್ಕವನು ಆ ರೈತನೇ ಅಲ್ಲವೆ? ನಿಶ್ಚಯದಲ್ಲಿ ಅವನ ಬುದ್ಧಿ ಸೇರದಿದ್ದರೆ 'ಸುಸ್ಥಿರ' ಎಂಬ ವಿಶೇಷಣಕ್ಕೆ ವಿಶೇಷ್ಯವೇ ಇಲ್ಲದಂತಾಗುವುದು.

ಇಷ್ಟಾದರೂ, ಫ್ರೇರೆಯು ವಿಸ್ತರಣೆಗೆ ಪ್ರತಿಯಾಗಿ ನಿಲ್ಲಿಸಿದ ಭಾವಕ್ಕೆ ಕನ್ನಡದಲ್ಲಿ ಬಳಕೆಯಾಗಿರುವ 'ಸಂವಹನ'ವು ಒಪ್ಪುವ ಶಬ್ದವಲ್ಲ. ಅದರ ಧಾತುವು 'ವಹ್', ಹೊರು ಎಂದರ್ಥ. ಹೊರುವಲ್ಲಿ ಹೊರೆಯೂ ಅದನ್ನು ಇಳಿಸುವ ಎಡೆಯೂ ಬಂದೇ ಬರುವುವು. (ಅದೇ ಧಾತುವಿನಿಂದಾದ ಸಂವಾಹಕನು ಮೃಚ್ಛಕಟಿಕ ನಾಟಕದಲ್ಲಿ ಮೈಯೊತ್ತುವ ಕಸುಬಿನವನು. ಕೆಲವು ಪ್ರಚಾರಕಾರ್ಯಗಳನ್ನು ಕಂಡವರಿಗೆ ಆ ಅರ್ಥವೇ ಲೇಸೆಂದು ತೋರೀತು.) ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂದು ಆಕ್ಷೇಪಿಸಬಹುದು. ದಿಟ, ಆದರೆ ಇಲ್ಲಿ ರೂಢಿಯೂ ಯೋಗಾರ್ಥದ ಬೆನ್ನುಹಿಡಿದೇ ನಡೆದಿದೆ. 'ಸಂವಾದ'ದಲ್ಲಾದರೋ ಕೂಡಿ ನುಡಿಯುವುದು ಧಾತುವಿನಲ್ಲಿಯೇ ಇರುವುದು. 'ಸಹಭಾಗಿ' ಎಂಬ ಶಬ್ದಕ್ಕೂ ಹೀಗೆಯೇ ನ್ಯಾಯ ಸಲ್ಲಬೇಕು. ದಾಯಭಾಗದ ಪ್ರಕರಣದಲ್ಲಿ ಭಾಗಿಯೆಂದರೆ ಪಾಲಿಗೆ ಹಕ್ಕುಳ್ಳವನು. ಸಭೆಗೆ ಬಂದು ರುಜು ಹಾಕಿ ಹೋಗುವವನಲ್ಲ.

ಗ್ರಂಥವು ನಿರ್ದೋಷವಲ್ಲ. ಸಾಂಸ್ಕೃತಿಕ ಆಕ್ರಮಣವನ್ನು ಖಂಡಿಸುವ ಗ್ರಂಥಕಾರನೇ ಮಣ್ಣಿನ ಸವೆತ, ಬಿತ್ತನೆ, ಕೊಯ್ಲುಗಳ ವಿಷಯದಲ್ಲಿ ರೈತರಿಗಿರುವ ಭಾವನೆಗಳನ್ನು 'ಮಾಂತ್ರಿಕ'ವೆಂದು ಕರೆಯುವನು. ಹೀಗೆ ಹೆಸರಿಡುವಾಗ ಅವನು ರೈತನನ್ನು ಕೇಳಿದಂತೆ ಕಾಣದು. ಸಂವಾದವನ್ನು ಹೊಗಳುವ ಪುಸ್ತಕದಲ್ಲಿ ಬಹುಮಟ್ಟಿಗೆ ಮಾತನಾಡುವವನು ಆಚಾರ್ಯನೊಬ್ಬನೇ.

ರೈತರ ಮಾತೇ ಕೇಳಿಬಂದ ಉದಾಹರಣೆಗಳು ಬೇರೆ ಕಡೆ ಉಂಟು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ೨೦೦೧ರಲ್ಲಿ ಆರಂಭವಾದ 'ನಮ್ಮ ಧ್ವನಿ'ಯ ಕಾರ್ಯಕ್ರಮಗಳನ್ನು ಊರವರೇ ಸಿದ್ಧಪಡಿಸಿದರು. ಆಕಾಶತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ತೀರ್ಪಿತ್ತಿದ್ದರೂ ಊರಿನ ದನಿಗೆ ಅವುಗಳಲ್ಲಿ ಎಡೆಯಿರಲಿಲ್ಲ. ಕೇಬಲ್ ತಂತಿಯ ಮೂಲಕ ಅದು ಮನೆಗಳನ್ನು ಮುಟ್ಟಬೇಕಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅವಕಾಶ ದೊರೆತುದು ೨೦೦೬ರಲ್ಲಿ. ೨೦೦೮ರ ಅಕ್ಟೋಬರ್ ೧೫ರಂದು ಬೀದರಿಗೆ ದೂರವಲ್ಲದ ಜಹೀರಾಬಾದಿನ ಸೀಮೆಯ ಮಾಚನೂರಿನಲ್ಲಿ 'ಸಂಘಂ ರೇಡಿಯೊ' ಆರಂಭವಾಯಿತು. ಅದನ್ನು ನಡೆಸಿದವರು ದಲಿತ ಸ್ತ್ರೀಯರು. ತಮ್ಮ ಆಡುನುಡಿಯ ತೆಲುಗಿನಲ್ಲಿ ಸಜ್ಜೆ ನವಣೆಗಳ ಬೇಸಾಯವನ್ನೂ ಬೀಜಗಳನ್ನು ಕಾಪಿಡುವ ಕ್ರಮವನ್ನೂ ಹೇಳಿದವರೂ ಅವರೇ. ಇಲ್ಲಿ ಸಂಪ್ರದಾನವು ಕರ್ತೃವಾಯಿತು, ಆದರೆ ಪೂರ್ಣವಾಗಿ ಅಲ್ಲ. ಇಂಥ ಕೇಂದ್ರಗಳು ವಾರ್ತೆಯನ್ನು ಬಿತ್ತರಿಸಕೂಡದೆಂದು ೨೦೦೬ರ ನಿಯಮಗಳಲ್ಲಿಯೇ ವಿಧಿಸಲಾಗಿತ್ತು. ಬೀಜದ ಗುಣವನ್ನು ಹೇಳಬಹುದು, ಅದೇ ಬೀಜದ ಕುರಿತ ಸರ್ಕಾರದ ನಿರ್ಣಯವನ್ನು ವಾರ್ತೆಯೆಂದು ಹೇಳಕೂಡದು ಎಂಬ ಈ ವಿಭಾಗಕ್ಕೆ ಫ್ರೇರೆಯ ಗ್ರಂಥದಲ್ಲಿ ಸಮರ್ಥನೆ ಸಿಕ್ಕದು. ಅದನ್ನು ಕನ್ನಡಿಸುವವರು ಹೆಸರಿನಲ್ಲಿ 'ಸಂವಹನ'ವನ್ನು ಬಿಟ್ಟು 'ಸಂವಾದ'ವನ್ನು ಇಡುವುದು ಯುಕ್ತ.