ಮೂಲೆಯ ಅಂಕಿಯ ಕುಶಲತೆ

ಬೆಂಗಳೂರಿನ ಕುಕ್ ಟೌನ್‌ನ ಮನೆಯಲ್ಲಿ ಕೂತು ಟ್ರೇಡಿಂಗ್ ಕಾರ್ಡ್ ಆಟಕ್ಕೆ ಸ್ವಂತ ಕಾರ್ಡ್ ರೂಪಿಸುವವರ ನಿಜವಾದ ಜಾಣ್ಮೆ ಕಾಣುವುದು ಚಿತ್ರಕ್ಕಿಂತ ಹೆಚ್ಚಾಗಿ ಮೂಲೆಯಲ್ಲಿ ಬರೆದ ಪುಟ್ಟ ಬೆಲೆಯಲ್ಲಿ. ಇಷ್ಟು ಶಕ್ತಿಗೆ ಇಷ್ಟು ಬೆಲೆ ಎಂದು ಕೋಷ್ಟಕ ಹಾಕಿದರೆ ಸಾಲದೇ? ಸಾಲದು. 1993ರಲ್ಲಿ ಬಂದ, ರಿಚರ್ಡ್ ಗಾರ್ಫೀಲ್ಡ್ ಅವರ ‘ಮ್ಯಾಜಿಕ್: ದ ಗ್ಯಾದರಿಂಗ್’ನ ಐದು ಕಾರ್ಡ್‌ಗಳೇ ಇದಕ್ಕೆ ಸಾಕ್ಷಿ. ಐದಕ್ಕೂ ಬೆಲೆ ಒಂದೇ ಮಾನಾ (ಕಾರ್ಡ್ ಆಡಲು ತೆರುವ ಶಕ್ತಿ), ಐದರ ಫಲದ ಅಂಕಿಯೂ ಮೂರೇ. ಆದರೂ ಮೂರು ಜೀವಾಂಶ ಕೊಡುವ ‘ಹೀಲಿಂಗ್ ಸಾಲ್ವ್’ ಸಪ್ಪೆ; ಮೂರು ಪೆಟ್ಟಿನ ‘ಲೈಟ್ನಿಂಗ್ ಬೋಲ್ಟ್’ ಚುರುಕು; ಮೂರು ಕಾರ್ಡ್ ಕೈಗೆ ತರುವ ‘ಆನ್ಸೆಸ್ಟ್ರಲ್ ರೀಕಾಲ್’ ಆಟವನ್ನೇ ನುಂಗುವಷ್ಟು ಬಲಿಷ್ಠ. 1998ರ ‘ಶಾಕ್’ ಅದೇ ಬೆಲೆಗೆ ಎರಡೇ ಪೆಟ್ಟು ಕೊಡುತ್ತದೆ. ಇಳಿದದ್ದು ಒಂದೇ ಅಂಕಿ, ಆದರೆ ಮೂರು ಪೆಟ್ಟಿಗೆ ಸಾಯುತ್ತಿದ್ದ ಜೀವಿ ಈಗ ಬದುಕುಳಿಯುತ್ತದೆ, ಎದುರಾಳಿ ಹೊಸದಾಗಿ ಯೋಚಿಸುತ್ತಾನೆ.

ಹೀಗೆ ತೂಗುತ್ತಾ ಹೋದರೆ ಆಟದ ರೋಮಾಂಚನವೇ ಸತ್ತೀತು ಎನ್ನುವವರಿದ್ದಾರೆ. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಪೋಷಿಸಿದ ಗಂಜೀಫಾ ಎಲೆಯಾಟದ ಪರಂಪರೆ ಬೇರೆಯೇ ಮಾತು ಹೇಳುತ್ತದೆ. 120 ಎಲೆಗಳ ದಶಾವತಾರ ಗಂಜೀಫಾದಲ್ಲಿ ರಾಜ, ಮಂತ್ರಿಗಳ ಕೆಳಗೆ ಐದು ಅವತಾರಗಳ ಎಲೆಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು. ಆದ್ದರಿಂದ ಯಾವ ಅಂಕಿಯೂ ಎಲ್ಲೆಡೆ ದುರ್ಬಲವಲ್ಲ. ಪ್ರತಿ ಎಲೆ ಇಳಿಸುವಾಗಲೂ ಬುದ್ಧಿಗೆ ಕೆಲಸವಿದೆ. ಸಮತೋಲ ಶಕ್ತಿಯನ್ನು ಕುಗ್ಗಿಸುವುದಿಲ್ಲ, ಆಯ್ಕೆಗೆ ಅರ್ಥ ಕೊಡುತ್ತದೆ. ಬೆಲೆ ಬರೆದು, ಆಡಿ ನೋಡಿ, ಅಳಿಸಿ, ಮತ್ತೆ ಬರೆಯುವ ಆ ತಾಳ್ಮೆ ನಿಜಕ್ಕೂ ಗೌರವಕ್ಕೆ ಅರ್ಹ.