ಹೇಳುವ ಪುಸ್ತಕ, ಕೇಳುವ ಪುಸ್ತಕ

ರಾಮನಗುಳಿಯಲ್ಲಿ ಅಂಕೋಲಾ-ಹುಬ್ಬಳ್ಳಿ ಹೆದ್ದಾರಿಯ ಬದಿಯ ಒಂದು ಚಾದಂಗಡಿ. ಬಸ್ಸಿಗೆ ಕಾಯುತ್ತಿದ್ದ ನಿವೃತ್ತ ಮಾಸ್ತರರೊಬ್ಬರ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ದಪ್ಪನೆಯ ಪುಸ್ತಕವಿತ್ತು. ಬೈಂಡು ಬಿಚ್ಚಿಹೋದ ಕಿಟೆಲ್ ನಿಘಂಟು. ಅದನ್ನು ರಿಪೇರಿಗೆಂದು ಅಂಕೋಲೆಗೆ ಒಯ್ಯುತ್ತಿದ್ದರು. ಪಕ್ಕದಲ್ಲಿ ಕುಳಿತ ಹುಡುಗನೊಬ್ಬ ಪುಟ ತಿರುವಿ ಕೇಳಿದ: "ಮಾಸ್ತರ್ರೆ, ಇದು ಪಾದ್ರಿ ಬರ್ದದ್ದಲ್ವಾ? ಅವ್ರು ಬಂದದ್ದು ನಮ್ಮ ಜಾತಿ ಕೆಡಸೂಕಲ್ವಾ?" ಮಾಸ್ತರರು ಸಿಟ್ಟಾಗಲಿಲ್ಲ. "ಹೌದೋ ತಮಾ, ಅವ್ರು ಬಂದದ್ದು ಮತ ಹೇಳೂಕೆ. ಆದ್ರೆ ಹೇಳೂಕೆ ಬಂದವ್ರು ಕೇಳೂಕೂ ಕಲ್ತ್ರು. ಇದು ಕೇಳಿ ಬರ್ದ ಪುಸ್ತಕ" ಎಂದರು. ಬಸ್ಸು ಬಂತು, ಮಾತು ಅಲ್ಲಿಗೇ ನಿಂತಿತು.

ಆ ಮಾತನ್ನು ಮುಂದುವರಿಸುವುದು ಈ ಬರಹದ ಉದ್ದೇಶ. ಕರ್ನಾಟಕದ ಕ್ರೈಸ್ತ ಮಿಷನರಿಗಳ ಬಗ್ಗೆ ಇಂದು ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಒಂದು, ಅವರದು ಮತಾಂತರದ ಸಂಚು. ಶಾಲೆ, ಆಸ್ಪತ್ರೆ, ಪುಸ್ತಕಗಳೆಲ್ಲ ಅದರ ಗಾಳ. ಇನ್ನೊಂದು, ಅವರು ನಿಸ್ವಾರ್ಥ ಕನ್ನಡ ಸೇವಕರು. ಅವರ ಧರ್ಮದ ಮಾತನ್ನು ನಾವು ಎತ್ತಬಾರದು. ಮೊದಲನೆಯದು ವೇದಿಕೆಯ ಭಾಷಣಕ್ಕೆ ಅನುಕೂಲ, ಎರಡನೆಯದು ರಾಜ್ಯೋತ್ಸವದ ಭಾಷಣಕ್ಕೆ. ಎರಡಕ್ಕೂ ಆ ಪುಸ್ತಕಗಳನ್ನು ಓದುವ ಅಗತ್ಯವಿಲ್ಲ. ಓದಿ ನೋಡಿದರೆ ಚಿತ್ರ ಬೇರೆಯೇ ಇದೆ.

ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಅಲ್ಲಿಂದಲೇ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಇಂದಿಗೂ ಜುಲೈ 1ನ್ನು ನಾವು ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಮಿಷನರಿಗಳ ಮುದ್ರಣ ಇವರಿಂದಲೇ ಆರಂಭವಾಯಿತು ಎಂದಲ್ಲ. ಅದಕ್ಕೂ ಮೊದಲು ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದರು. ಆದರೆ ಒಂದೇ ಅಚ್ಚುಕೂಟದಿಂದ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಎರಡು ವಿರುದ್ಧ ಬಗೆಯ ಪುಸ್ತಕಗಳು ಹೊರಬಂದದ್ದನ್ನು ನೋಡಬೇಕೆಂದರೆ ಮಂಗಳೂರಿಗೇ ಬರಬೇಕು.

ಮೊದಲ ಬಗೆಯವು 'ಜಾತಿವಿಚಾರಣೆ', 'ದೇವವಿಚಾರಣೆ'ಯಂಥ ಕಿರುಹೊತ್ತಿಗೆಗಳು. ವಿಚಾರಣೆ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಒಂದು ವಿಚಾರ ಮಾಡುವುದು, ಇನ್ನೊಂದು ಕೋರ್ಟಿನಲ್ಲಿ ನಡೆಯುವುದು. ಈ ಹೊತ್ತಿಗೆಗಳು ಮೊದಲನೆಯ ಅರ್ಥದಲ್ಲಿ ಆರಂಭವಾಗಿ ಎರಡನೆಯದಕ್ಕೆ ಜಾರುತ್ತವೆ. ಜಾತಿಯನ್ನು ಪ್ರಶ್ನಿಸುವಲ್ಲಿ ಅವುಗಳಿಗೆ ಬಲವಿದೆ. ಹುಟ್ಟಿನಿಂದ ಮೇಲುಕೀಳು ಎಂಬುದು ಅನ್ಯಾಯ ಎಂದು ಅಚ್ಚಿನಲ್ಲಿ, ಆಡುಮಾತಿಗೆ ಹತ್ತಿರದ ಗದ್ಯದಲ್ಲಿ, ಆ ಕಾಲದಲ್ಲೇ ಹೇಳಿದ್ದು ಸಣ್ಣ ವಿಷಯವಲ್ಲ. ಹೊಸಗನ್ನಡ ಗದ್ಯ ಪಳಗಿದ್ದರಲ್ಲಿ ಇವುಗಳ ಪಾಲೂ ಇದೆ. ಆದರೆ ದೇವರ ವಿಷಯಕ್ಕೆ ಬಂದಾಗ ಓದುಗ ಕಟಕಟೆಯಲ್ಲಿ ನಿಲ್ಲುತ್ತಾನೆ. ಲೇಖಕನೇ ವಕೀಲ, ಲೇಖಕನೇ ನ್ಯಾಯಾಧೀಶ. ತೀರ್ಪು ಮೊದಲೇ ಬರೆದಾಗಿದೆ. ಇಂಥ ಪುಸ್ತಕ ಎದುರಿನವನ ಮಾತಿಗೆ ಜಾಗ ಬಿಡುವುದಿಲ್ಲ. ಆದ್ದರಿಂದಲೇ ಇಂದು ಅವು ಸಂಶೋಧಕರ ಕಪಾಟಿನಲ್ಲಿವೆ, ಜನರ ಬಾಯಲ್ಲಿ ಇಲ್ಲ.

ಎರಡನೆಯ ಬಗೆಯ ಪುಸ್ತಕಗಳ ಕಥೆ ಬೇರೆ. ಇದೇ ಮೋಗ್ಲಿಂಗ್ 1848ರಿಂದ 1853ರವರೆಗೆ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದರು. ಖರ್ಚಿಗೆ ನೆರವಾದವರು ನ್ಯಾಯಾಧೀಶರಾಗಿದ್ದ ಕಸಮೇಜರ್. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ತಾಳೆಗರಿಯಿಂದ ಮತ್ತು ಬಾಯಿಂದ ಕಾಗದಕ್ಕೆ ಇಳಿದವು. ಕನ್ನಡ ಗಾದೆಗಳ ಸಂಗ್ರಹವೂ ಬಂತು. ಯಾವ ದೇವರನ್ನು ಒಂದು ಹೊತ್ತಿಗೆಯಲ್ಲಿ ವಿಚಾರಣೆಗೆ ನಿಲ್ಲಿಸಿದ್ದರೋ ಅದೇ ದೇವರನ್ನು ಹಾಡಿದ ದಾಸರ ಪದಗಳನ್ನು ಅದೇ ಅಚ್ಚುಕೂಟ ಜತನದಿಂದ ಮುದ್ರಿಸಿತು.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಎದುರಾಳಿಯನ್ನು ಸೋಲಿಸಲು ಅವನ ಪುಸ್ತಕ ಓದಬೇಕಲ್ಲ, ಅದಕ್ಕಾಗಿ ಮುದ್ರಿಸಿದರು ಎನ್ನುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ. ಹೊಸದಾಗಿ ಬರುವ ಪಾದ್ರಿಗಳು ಭಾಷೆ ಕಲಿಯಲು ಪಠ್ಯಗಳು ಬೇಕಿದ್ದವು. ಜನರ ಮನಸ್ಸನ್ನು ಹೊಗಲು ಅವರ ಗಾದೆಗಳು ಬೇಕಿದ್ದವು. ಆದರೆ ಉದ್ದೇಶ ಒಂದು, ಕೆಲಸ ಮಾಡಿದ ಮೇಲೆ ಆಗುವುದು ಇನ್ನೊಂದು. ಗಾದೆಯನ್ನು ಬರೆದುಕೊಳ್ಳಬೇಕಾದರೆ ಅದನ್ನು ಹೇಳುವ ಮುದುಕಿಯ ಮುಂದೆ ಕುಳಿತುಕೊಳ್ಳಬೇಕು. ಅವಳ ಮಾತು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ಬೋಧಿಸಲು ಬಂದವನು ಅಷ್ಟು ಹೊತ್ತು ವಿದ್ಯಾರ್ಥಿಯಾಗುತ್ತಾನೆ. ಸೇವೆ ಎಂಬುದು ಶುರುವಾಗುವುದು ಅಲ್ಲಿ.

ಇದರ ತುದಿ ಕಾಣುವುದು ಫರ್ಡಿನಂಡ್ ಕಿಟೆಲ್‌ರಲ್ಲಿ. 1853ರಲ್ಲಿ, 21ನೆಯ ವಯಸ್ಸಿನಲ್ಲಿ ಬಂದವರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿ ಕೊಟ್ಟರು. ನಿಘಂಟು ಪ್ರಕಟವಾದದ್ದು 1894ರಲ್ಲಿ. ಆಗ ಅವರಿಗೆ 62. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಆ ನಿಘಂಟನ್ನು ತೆರೆದವರಿಗೆ ಗೊತ್ತು, ಅದರಲ್ಲಿ ಪಂಪನ ಕಾಲದ ಮಾತೂ ಇದೆ, ಸಂತೆಯ ಮಾತೂ ಇದೆ. ಅರ್ಥ ಕೊಟ್ಟ ಕೂಡಲೇ ಬಳಕೆಗೆ ಒಂದು ಗಾದೆ. ಶಬ್ದಕ್ಕೆ ಮಡಿಮೈಲಿಗೆ ಇಲ್ಲ. ಮಿಷನ್ನಿನ ಹೊತ್ತಿಗೆಗಳು ಜಾತಿ ಬೇಡವೆಂದು ವಾದ ಹೂಡಿದವು. ಈ ನಿಘಂಟು ವಾದ ಹೂಡದೆಯೇ ಹೊಲಗೇರಿಯ ಮಾತನ್ನೂ ಆಸ್ಥಾನದ ಮಾತನ್ನೂ ಒಂದೇ ಪುಟದಲ್ಲಿ ಕೂರಿಸಿತು. ನನ್ನ ಮಟ್ಟಿಗೆ ಇದೇ ದೊಡ್ಡ 'ಜಾತಿವಿಚಾರಣೆ'.

ಕಿಟೆಲ್ ತಮ್ಮ ನಂಬಿಕೆಯನ್ನು ಬದಿಗಿಟ್ಟು ಈ ಕೆಲಸ ಮಾಡಿದರು ಎನ್ನುವುದು ತಪ್ಪು. 1862ರಲ್ಲಿ ಯೇಸುವಿನ ಬದುಕನ್ನು ಕನ್ನಡ ಪದ್ಯದಲ್ಲಿ ಹೇಳಿದ 'ಕಥಾಮಾಲೆ' ಅವರದೇ. ಅದು ನಾನು ಹೇಳಿದ ಎರಡು ಬಗೆಗಳ ನಡುವೆ ನಿಲ್ಲುವ ಕೃತಿ. ಹೇಳಬೇಕಾದದ್ದು ತಮ್ಮ ಧರ್ಮದ ಕಥೆ. ಆದರೆ ಹೇಳುವ ಧಾಟಿಗಾಗಿ ಅವರು ಷಟ್ಪದಿಯಂಥ ಕನ್ನಡದ ಛಂದಸ್ಸಿನ ಬಳಿಗೆ ಹೋದರು. ಕಾವ್ಯವಾಗಿ ಅದು ಕುಮಾರವ್ಯಾಸನ ಹತ್ತಿರ ಸುಳಿಯುವುದಿಲ್ಲ. ಕಲಿತವನ ಪದ್ಯ ಅದು, ಹುಟ್ಟಿಬಂದವನದಲ್ಲ. ಆದರೂ ಅದರಲ್ಲಿ ಕಟಕಟೆ ಇಲ್ಲ. 'ನಿನ್ನದು ಸುಳ್ಳು' ಎನ್ನುವ ಬದಲು 'ನನ್ನದು ಇದು, ನಿನ್ನ ರಾಗದಲ್ಲೇ ಹಾಡುತ್ತೇನೆ, ಕೇಳು' ಎನ್ನುತ್ತದೆ. ಧರ್ಮವನ್ನು ಹೇಳುವ ಹಕ್ಕು ಎಲ್ಲರಿಗೂ ಇದೆ. ಹೇಳುವ ಮರ್ಯಾದೆ ಯಾವುದು ಎಂಬುದಕ್ಕೆ 'ಕಥಾಮಾಲೆ' ಒಂದು ಉದಾಹರಣೆ.

ಇನ್ನು ಪುಸ್ತಕದ ಆಚೆಗಿನ ಸೇವೆ. ಬಾಸೆಲ್ ಮಿಷನ್ ತನ್ನನ್ನು ಸೇರಿದವರು ಜಾತಿಯನ್ನು ಬಿಡಲೇಬೇಕೆಂದು ಪಟ್ಟು ಹಿಡಿಯಿತು. ಬಿಟ್ಟವರ ಗತಿ ಏನಾಯಿತು? ಜಾತಿಯ ಜೊತೆಗೆ ಕಸುಬೂ ಹೋಯಿತು, ಗೇಣಿ ಭೂಮಿಯೂ ಹೋಯಿತು, ಮನೆಯವರೂ ದೂರವಾದರು. ಅಚ್ಚಿನಲ್ಲಿ ಹೇಳಿದ ಮಾತಿಗೆ ಬದುಕಿನಲ್ಲಿ ಬೆಲೆ ತೆತ್ತವರು ಇವರು. ಅವರಿಗೆ ಅನ್ನದ ದಾರಿ ತೋರಿಸುವ ಹೊಣೆ ಹೇಳಿದವರ ಮೇಲೆ ಬಿತ್ತು. 1850ರ ದಶಕದ ನೇಯ್ಗೆ ಕಾರ್ಖಾನೆ, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ ಹುಟ್ಟಿಕೊಂಡದ್ದು ಹೀಗೆ. ಇಂದು ಕರಾವಳಿಯ ಯಾವ ಹಳೆಯ ಮನೆಯ ಕೆಳಗೆ ನಿಂತು ನೋಡಿದರೂ ಕಾಣುವ ಮಂಗಳೂರು ಹಂಚಿನ ಹಿಂದೆ ಜಾತಿ ಬಿಟ್ಟವರ ಹಸಿವಿನ ಚರಿತ್ರೆ ಇದೆ. ಮುಂದೆ 1923ರಲ್ಲಿ ಉಡುಪಿಯಲ್ಲಿ ವೈದ್ಯೆ ಈವಾ ಲೊಂಬಾರ್ಡ್ ಆಸ್ಪತ್ರೆ ತೆರೆದರು. ಅಲ್ಲಿ ಹೆರಿಗೆಗೆ ಬಂದ ಹೆಂಗಸರು ಎಲ್ಲ ಮತದವರೂ ಆಗಿದ್ದರು.

ಇದನ್ನೂ ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಅನ್ನ ಕೊಡುವವನೂ ಪ್ರಾರ್ಥನೆ ಮಾಡಿಸುವವನೂ ಒಬ್ಬನೇ ಆದಾಗ ಕೂಲಿಯವನ ನಂಬಿಕೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಉಳಿಯುತ್ತದೆ. ಯಜಮಾನಿಕೆ ಯುರೋಪಿನವರದೇ ಆಗಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಯಾರದೋ ಯುದ್ಧಕ್ಕೆ ಇಲ್ಲಿನ ಕೂಲಿಗಳ ಯಜಮಾನರು ಬದಲಾದರು.

ಇನ್ನೊಂದು ಕೊರತೆಯನ್ನು ವಿಮರ್ಶೆ ಎತ್ತಲೇಬೇಕು. ನಿಘಂಟಿನ ಮೇಲೆ ಕಿಟೆಲ್ ಹೆಸರಿದೆ. ಓಲೆಗರಿ ಓದಿ ಹೇಳಿದ ಪಂಡಿತರು, ಪ್ರತಿ ಮಾಡಿದವರು, ಕಲ್ಲಿನ ಮೇಲೆ ಅಕ್ಷರ ಬರೆದವರು, ಮೊಳೆ ಜೋಡಿಸಿದವರು, ಗಾದೆ ಹೇಳಿದ ಹೆಂಗಸರು ನಮ್ಮ ನೆನಪಿನಲ್ಲಿಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ, ಅದು ಇರಬೇಕಾದದ್ದೇ. ಆದರೆ ಕೇಳಿಸಿಕೊಂಡವನಿಗೆ ಪ್ರತಿಮೆ, ಹೇಳಿದವರಿಗೆ ಹೆಸರೂ ಇಲ್ಲ ಎಂದರೆ ಅದು ನಮ್ಮ ಕೃತಜ್ಞತೆಯ ಅರ್ಧ ಮಾತ್ರ.

ಇದೆಲ್ಲ ಹಳೆಯ ಕಥೆ, ಈಗೇಕೆ ಎಂದು ಕೇಳಬಹುದು. ಈಗಲೇ ಬೇಕು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ಸುತ್ತಮುತ್ತಲ ಜಿಲ್ಲೆಗಳಲ್ಲೂ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. 'ಸತ್ಯದರ್ಶಿನಿ' ಎಂಬ ಪುಸ್ತಕದಲ್ಲಿ ಹಿಂದೂ ದೇವತೆಗಳ ನಿಂದನೆ ಇದೆ ಎಂಬುದನ್ನು ಆಗ ಸಮರ್ಥನೆಗೆ ಮುಂದಿಡಲಾಯಿತು. ಪರರ ದೇವರನ್ನು ಹಳಿಯುವ ಪುಸ್ತಕ ಕೆಟ್ಟ ಪುಸ್ತಕ. ಅದು ಧರ್ಮಸೇವೆಯಲ್ಲ, ಸಾಹಿತ್ಯವಂತೂ ಅಲ್ಲ. ಅದಕ್ಕೆ ಉತ್ತರ ಇನ್ನೊಂದು ಪುಸ್ತಕ, ಇಲ್ಲವೇ ಕಾನೂನು. ಆ ಪುಸ್ತಕವನ್ನು ಕಂಡೂ ಇರದ ಸನ್ಯಾಸಿನಿಯರ ಮಂದಿರದ ಗಾಜು ಒಡೆಯುವುದು ಉತ್ತರವಲ್ಲ. 2022ರಲ್ಲಿ ಮತಾಂತರದ ಬಗ್ಗೆ ಕರ್ನಾಟಕ ಕಾಯ್ದೆಯನ್ನೇ ಮಾಡಿತು. ಆ ಚರ್ಚೆಯಲ್ಲಿ ಸೇವೆ ಎಂಬ ಪದ ಎಷ್ಟು ಸಲ ಆಮಿಷ ಎಂಬ ಪದವಾಗಿ ಬದಲಾಯಿತು! ಎಲ್ಲ ಸೇವೆಯೂ ಆಮಿಷವಾದರೆ ರೋಗಿಯ ತಲೆ ಒತ್ತುವ ಕೈಯನ್ನೂ ಅನುಮಾನಿಸಬೇಕಾಗುತ್ತದೆ. ಅಂಥ ಸಮಾಜದಲ್ಲಿ ಯಾರೂ ಯಾರಿಗೂ ನೀರು ಕೊಡಲಾರರು.

ನಾವು ಮುಸ್ಲಿಮರೂ ಈ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬೇಕು. ಕನ್ನಡದಲ್ಲಿ ನಮ್ಮ ಧರ್ಮವನ್ನು ಪರಿಚಯಿಸುವ ಪುಸ್ತಕಗಳು ಬರುತ್ತಿವೆ, ಬರಲಿ. ಆದರೆ ನೆರೆಯವನ ಹಾಡನ್ನು, ಗಾದೆಯನ್ನು, ಸಂಕಟವನ್ನು ಕೇಳಿಸಿಕೊಂಡು ನಾವು ತಂದ ಪುಸ್ತಕಗಳು ಎಷ್ಟು? ಹೇಳುವ ಪುಸ್ತಕಗಳ ಪಕ್ಕದಲ್ಲಿ ಕೇಳುವ ಪುಸ್ತಕಗಳನ್ನೂ ಇಡದಿದ್ದರೆ ನಮ್ಮ ಮಾತೂ ಗೋಡೆಗೆ ಹೇಳಿದಂತೆ.

ಅಚ್ಚನ್ನೂ ಸೇವೆಯನ್ನೂ ಒಟ್ಟಿಗೆ ಹಿಡಿದವರಿಗೆ ಅಂಕೋಲೆಯವರು ದೂರ ಹೋಗಬೇಕಾಗಿಲ್ಲ. ರೈತರ ಪರ ಹೋರಾಡಿ ಜಿಲ್ಲೆಯಿಂದ ಗಡೀಪಾರಾದ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ತಂದರು, 'ಜನಸೇವಕ' ವಾರಪತ್ರಿಕೆ ನಡೆಸಿದರು. ಅವರದು ಯಾವ ಮತದ ಪ್ರಚಾರವೂ ಆಗಿರಲಿಲ್ಲ. ಆದರೂ ಮಂಗಳೂರಿನ ಆ ಅಚ್ಚುಕೂಟಕ್ಕೂ ಈ ಪತ್ರಿಕೆಗೂ ಒಂದು ಒಳಸಂಬಂಧವಿದೆ. ಬರೆದ ಮಾತಿಗೆ ಬದುಕಿನಲ್ಲಿ ಜಾಮೀನು ನಿಲ್ಲಬೇಕೆಂಬ ಹಟ ಎರಡರಲ್ಲೂ ಒಂದೇ.

ಧಾರವಾಡದ ಹತ್ತಿರ ಶಾಲ್ಮಲೆಯಾಗಿ ಹುಟ್ಟಿದ ಹೊಳೆ ಬೇಡ್ತಿಯಾಗಿ, ಗಂಗಾವಳಿಯಾಗಿ ರಾಮನಗುಳಿಯನ್ನು ಹಾದು ಕಡಲು ಸೇರುತ್ತದೆ. ಧಾರವಾಡದ ಸೀಮೆಯಲ್ಲೂ ಕಡಲ ಕರೆಯಲ್ಲೂ ಕಿವಿಗೊಟ್ಟು ಆಯ್ದ ಮಾತುಗಳು ಆ ಮಾಸ್ತರರ ತೊಡೆಯ ಮೇಲಿದ್ದವು. ಅವರು ಮತ್ತೆ ಸಿಕ್ಕಿದಾಗ ಪುಸ್ತಕಕ್ಕೆ ಹೊಸ ಬೈಂಡು ಬಂದಿತ್ತು. "ಆ ಹುಡುಗ ಮನೆಗೆ ಬಂದಿದ್ದ, ಅವನ ಅಜ್ಜಿ ಆಡೂ ಒಂದು ಮಾತು ಇದರಲ್ಲಿ ಇದೆಯೋ ಅಂತ ನೋಡೂಕೆ" ಎಂದರು. ಇತ್ತೇ ಎಂದು ಕೇಳಿದೆ. "ಇರ್ಲಿಲ್ಲ. ಹಾಗಾರೆ ನೀನೇ ಬರ್ದಿಡೋ ಅಂದೆ" ಎಂದು ನಕ್ಕರು.