‘ಸ್ವಲ್ಪ ಮೊದಲೇ ಬರಬೇಕಿತ್ತು’

ನಮ್ಮ ಚಾಚಾ ದರ್ಜಿ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಒಂದು ದಿನ ಫಜ್ರ್ ನಮಾಜಿಗೆ ವುಜೂ ಮಾಡುತ್ತಿದ್ದಾಗ ಬಲಗೈಯಿಂದ ತಂಬಿಗೆ ಜಾರಿ ಬಿತ್ತು. ಬಾಯಿ ಒಂದು ಕಡೆ ವಾಲಿತು. ಆಗ ಗಂಟೆ ಐದೂಕಾಲು.

ಮಗ ನಾಲ್ಕು ಅಕ್ಷರ ಕಲಿತವನು. ಆರೋಗ್ಯ ಕೇಂದ್ರದ ಗೋಡೆಯ ಪೋಸ್ಟರ್ ಅವನಿಗೆ ನೆನಪಿತ್ತು: ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅವನು ತಡಮಾಡಲಿಲ್ಲ. ಎಣ್ಣೆ ತಿಕ್ಕೋಣ ಎಂದ ಅಜ್ಜಿಯ ಮಾತನ್ನೂ ಕೇಳಲಿಲ್ಲ. ಆರೂವರೆಗೆ ತಾಲ್ಲೂಕು ಆಸ್ಪತ್ರೆ ಮುಟ್ಟಿದರು. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಚೀಟಿ ಬರೆದು ಜಿಲ್ಲಾ ಕೇಂದ್ರಕ್ಕೆ ಕಳಿಸಿದರು. ಎಂಟೂವರೆಗೆ ಅಲ್ಲಿ ಮುಟ್ಟಿದರೆ ಸ್ಕ್ಯಾನ್ ಮಾಡುವವರು ಇನ್ನೂ ಬಂದಿರಲಿಲ್ಲ. ವರದಿ ಕೈಗೆ ಬಂದಾಗ ಹತ್ತೂಕಾಲು. ಸರಿಯಾಗಿ ಐದು ಗಂಟೆ ಕಳೆದಿತ್ತು. ವೈದ್ಯರು ಒಳ್ಳೆಯವರೇ, ಬೇಸರದಿಂದಲೇ ಹೇಳಿದರು: “ಸ್ವಲ್ಪ ಮೊದಲೇ ಬರಬೇಕಿತ್ತು.”

ಕತೆ ಬರೆಯುವವನಾದ ನನಗೆ ವಾಕ್ಯಗಳ ಕರ್ತೃ ಯಾರೆಂದು ನೋಡುವ ಚಟ. ಈ ವಾಕ್ಯದಲ್ಲಿ ಬರಬೇಕಾಗಿದ್ದವನು ರೋಗಿ, ತಡ ಮಾಡಿದವನೂ ರೋಗಿ. ಇಲ್ಲದ ಯಂತ್ರ, ಬಾರದ ಸಿಬ್ಬಂದಿ, ನಡುವಿನ ರಸ್ತೆ ಯಾವುದೂ ಈ ವಾಕ್ಯದಲ್ಲಿ ಇಲ್ಲ. ನನ್ನ ತಕರಾರು ಇಷ್ಟೇ: ವ್ಯವಸ್ಥೆಯ ದೂರವನ್ನು ನಾವು ರೋಗಿಯ ತಡವೆಂದು ಲೆಕ್ಕ ಬರೆಯುತ್ತಿದ್ದೇವೆ.

ನಮ್ಮ ಕಡೆಯಿಂದಲೂ ತಪ್ಪಿಲ್ಲವೆಂದಲ್ಲ. ಕನ್ನಡದಲ್ಲಿ ಇದಕ್ಕೆ ಪಾರ್ಶ್ವವಾಯು ಎನ್ನುತ್ತೇವೆ, ದೇಹದ ಒಂದು ಮಗ್ಗುಲಿಗೆ ಬಡಿದ ಗಾಳಿ. ಉರ್ದುವಿನಲ್ಲಿ ಫಾಲಿಜ್. ಇನ್ನು ‘ಲಕ್ವಾ’ ಮೂಲದಲ್ಲಿ ಬರೀ ಮುಖ ಸೊಟ್ಟಗಾಗುವುದಕ್ಕಿದ್ದ ಹೆಸರು. ಇವೆಲ್ಲ ಕೈಕಾಲು, ಮುಖವನ್ನು ತೋರಿಸುವ ಪದಗಳು, ಮೆದುಳನ್ನು ತೋರಿಸುವುದಿಲ್ಲ. ಹಾಗಾಗಿಯೇ ನಾವು ಕೈಗೆ ಎಣ್ಣೆ ತಿಕ್ಕುತ್ತೇವೆ, ಪಾರಿವಾಳದ ರಕ್ತ ಹಚ್ಚುತ್ತೇವೆ, ತಾವೀಜು ಕಟ್ಟುತ್ತೇವೆ. ಅಷ್ಟರಲ್ಲಿ ಒಳಗೆ ಮೆದುಳು ಸಾಯುತ್ತಿರುತ್ತದೆ. ದೊಡ್ಡ ರಕ್ತನಾಳ ಮುಚ್ಚಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಅಮೆರಿಕದ ವೈದ್ಯರೊಬ್ಬರು ಅಂದಾಜು ಮಾಡಿದರು. ಗಂಟೆಗೆ ಹನ್ನೊಂದು ಕೋಟಿಗೂ ಮೇಲೆ. ಈ ತಿಳಿವಳಿಕೆ ಮನೆಮನೆಗೆ, ಜುಮಾ ದಿನ ಮಸೀದಿಗಳಿಗೂ ತಲುಪಬೇಕು. ಆದರೆ ತಲುಪಿದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಚಾಚಾ ಸಾಕ್ಷಿ.

ಇಲ್ಲಿ ಸ್ವಲ್ಪ ವೈದ್ಯಕೀಯ ಹೇಳಲೇಬೇಕು. ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ಒಂದರಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ, ಇನ್ನೊಂದರಲ್ಲಿ ನಾಳ ಒಡೆದು ರಕ್ತ ಸೋರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ರಕ್ತ ಸೋರುತ್ತಿರುವವನಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಸ್ಕ್ಯಾನ್ ಬೇಕು. ಈ ಚುಚ್ಚುಮದ್ದಿಗೆ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಮೊದಲು ಮೂರು ಗಂಟೆಯಿದ್ದ ಗಡುವು 2008ರ ಅಧ್ಯಯನದ ನಂತರ ನಾಲ್ಕೂವರೆ ಗಂಟೆಯಾಯಿತು. ಆಮೇಲೆ ತೊಡೆಯ ರಕ್ತನಾಳದ ಮೂಲಕ ಕೊಳವೆ ತೂರಿಸಿ, ಮೆದುಳಿನ ಹೆಪ್ಪನ್ನೇ ಎಳೆದು ತೆಗೆಯುವ ಥ್ರಾಂಬೆಕ್ಟಮಿ ಬಂತು. 2015ರಲ್ಲಿ ಐದು ದೊಡ್ಡ ಅಧ್ಯಯನಗಳು ಅದರ ಫಲವನ್ನು ಖಚಿತಪಡಿಸಿದವು. ಆಯ್ದ ಕೆಲವು ರೋಗಿಗಳಿಗೆ 24 ಗಂಟೆಯವರೆಗೂ ಅದನ್ನು ಮಾಡಬಹುದೆಂದು 2018ರಲ್ಲಿ ತಿಳಿಯಿತು.

ವಿಜ್ಞಾನ ಗಡುವನ್ನು ಹಿಗ್ಗಿಸಿತು, ರಸ್ತೆ ಮಾತ್ರ ಕುಗ್ಗಲಿಲ್ಲ. ಥ್ರಾಂಬೆಕ್ಟಮಿಗೆ ವಿಶೇಷ ತರಬೇತಿ ಪಡೆದ ತಜ್ಞರು ಬೇಕು, ಕ್ಯಾಥ್‌ಲ್ಯಾಬ್ ಬೇಕು, ಖಾಸಗಿಯಲ್ಲಾದರೆ ಕೆಲವು ಲಕ್ಷ ರೂಪಾಯಿ ಬೇಕು. 67 ದೇಶಗಳನ್ನು ನೋಡಿ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಈ ಚಿಕಿತ್ಸೆ ಬೇಕಾದ ನೂರು ಜನರಲ್ಲಿ ಮೂವರಿಗೂ ಅದು ಸಿಗುತ್ತಿರಲಿಲ್ಲ. ಬಡ ದೇಶಕ್ಕೂ ಶ್ರೀಮಂತ ದೇಶಕ್ಕೂ ಇರುವ ಈ ಅಂತರ ನಮ್ಮ ರಾಜ್ಯದೊಳಗೂ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಸಾಲುಸಾಲು ದೊಡ್ಡ ಆಸ್ಪತ್ರೆಗಳಿವೆ. ಮಂಗಳೂರು, ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ರಾಯಚೂರು, ಯಾದಗಿರಿ, ಬೀದರಿನವರು ಕಷ್ಟ ಬಂದರೆ ಇಂದಿಗೂ ಹೈದರಾಬಾದಿನ ಕಡೆ, ಕೆಲವರು ಸೊಲ್ಲಾಪುರದ ಕಡೆ ಹೊರಡುತ್ತಾರೆ. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇವೆ ಎಂದು ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು. 2012ರ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ 371(ಜೆ) ಕಲಮು ಸೇರಿತು. 2019ರಲ್ಲಿ ಪ್ರದೇಶದ ಹೆಸರೂ ಕಲ್ಯಾಣವಾಯಿತು. ಆದರೂ ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಲ್ಲಿ ಧರಣಿ ಕೂರಬೇಕಾಯಿತು.

ಆಗದ ಕೆಲಸವೇ ಇದು? ಹೃದಯದ ವಿಷಯದಲ್ಲಿ ನಾವೇ ಮಾಡಿ ತೋರಿಸಿದ್ದೇವೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೆದುಳಿನ ಹೆಪ್ಪು ಕರಗಿಸಲೂ ಇದೇ ಔಷಧಿ ಬಳಕೆಯಲ್ಲಿದೆ, ಪ್ರಮಾಣ ಮಾತ್ರ ಬೇರೆ. ಅಂದರೆ ಔಷಧಿ ತಾಲ್ಲೂಕಿನವರೆಗೆ ಬಂದು ನಿಂತಿದೆ. ಬಾರದಿರುವುದು ಸ್ಕ್ಯಾನ್ ಮತ್ತು ಅದನ್ನು ನೋಡಿ ಹೇಳುವ ವ್ಯವಸ್ಥೆ. ಅಂದಹಾಗೆ, ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನವೂ ಹೌದು.

ನಮಗಿಂತ ಕಡಿದಾದ ದಾರಿಗಳಿರುವ ಹಿಮಾಚಲ ಪ್ರದೇಶ ದಶಕದ ಹಿಂದೆಯೇ ಇದಕ್ಕೆ ಕೈಹಾಕಿತು. ಸಿಟಿ ಸ್ಕ್ಯಾನ್ ಇರುವ ಸರ್ಕಾರಿ ಆಸ್ಪತ್ರೆಗಳ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. ಅವರು ಸ್ಕ್ಯಾನಿನ ಚಿತ್ರವನ್ನು ಮೊಬೈಲಿನಲ್ಲಿ ನರರೋಗ ತಜ್ಞರಿಗೆ ಕಳಿಸಿ, ಸಲಹೆ ಪಡೆದು ಚುಚ್ಚುಮದ್ದು ಕೊಡತೊಡಗಿದರು. ಅಸ್ಸಾಮಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಕ್ಯಾನ್ ಯಂತ್ರವನ್ನೇ ವಾಹನದಲ್ಲಿಟ್ಟು ರೋಗಿಯ ಕಡೆಗೆ ಓಡಿಸಿತು. ನಮ್ಮಲ್ಲೂ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರುವಾಗಿದೆ. ಅದರ ಬೆಲೆ ತಿಳಿಯಬೇಕಾದದ್ದು ಬೆಂಗಳೂರಿನ ಸಭಾಂಗಣದಲ್ಲಲ್ಲ, ಬೆಳಗಿನ ಆರೂವರೆಗೆ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ.

ಚಾಚಾ ಬದುಕಿದ್ದಾರೆ. ಬಲಗೈ ಏಳುವುದಿಲ್ಲ, ಮಾತು ಅರ್ಧ ಬರುತ್ತದೆ. ಹೊಲಿಗೆ ಯಂತ್ರದ ಮೇಲೆ ಅಳತೆ ಬರೆದ ಪುಸ್ತಕ ಹಾಗೇ ಇದೆ. ಮಗ ಇವತ್ತಿಗೂ ನನ್ನನ್ನು ಕೇಳುತ್ತಾನೆ, “ಭಾಯಿ, ನಾನೇ ಎಲ್ಲೋ ತಡಮಾಡಿದೆನೇ?” ನಾಲ್ಕು ಅಕ್ಷರದ ತಪ್ಪನ್ನೂ ಮಾಡದ ಹುಡುಗನ ಎದೆಯಲ್ಲಿ ಆ ಒಂದು ವಾಕ್ಯ ಹೀಗೆ ಕೂತುಬಿಟ್ಟಿದೆ.

ಆ ಪೋಸ್ಟರನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ, ಅದು ಬೇಕು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಎನ್ನುತ್ತೇನೆ: ಹಗಲೂ ರಾತ್ರಿ ಸಿಟಿ ಸ್ಕ್ಯಾನ್ ಮತ್ತು ಚುಚ್ಚುಮದ್ದು ಸಿಗುವ, ಇಲ್ಲಿಂದ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಎಷ್ಟು ದೂರ. ಪ್ರತಿ ತಾಲ್ಲೂಕಿನಲ್ಲೂ ಆ ಸಾಲನ್ನು ತುಂಬಲಿ. ತುಂಬಲು ಆಗದ ಕಡೆ, ಬಂದವರಿಗೆ ‘ಮೊದಲೇ ಬರಬೇಕಿತ್ತು’ ಎನ್ನುವುದನ್ನಾದರೂ ನಿಲ್ಲಿಸಲಿ.